ಹಿಂಕ್ಲಿಯಲ್ಲಿ ಫ್ರಾನ್ಸ್-ಚೀನಾ ದುಡ್ಡು, ನಮ್ಮ ಮನೆಯಲ್ಲಿ ಕರೆಂಟ್ ಬಿಲ್ಲು: ಸಂಬಂಧ ಇದೆಯಾ?

ಬ್ರಿಸ್ಟಲ್ ಬಸವ
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ತಿಂಗಳ ಗ್ಯಾಸ್ ಮತ್ತು ಕರೆಂಟ್ ಬಿಲ್ ಬಂದಿದೆ, 268 ಪೌಂಡ್. ಅಪ್ಪ ಅಮ್ಮ ದಾವಣಗೆರೆಯಿಂದ ಬಂದಿದ್ದಾರೆ, ಹೀಟಿಂಗ್ ಇಡೀ ದಿನ ಓಡುತ್ತದೆ, ಸರಿ. ಆದರೂ ಜಾಸ್ತಿ ಆಯಿತು ಅಲ್ವಾ? 2019ರಲ್ಲಿ ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ಇಷ್ಟೇ ದೊಡ್ಡ ಮನೆಗೆ ಇದರ ಅರ್ಧವೂ ಬರುತ್ತಿರಲಿಲ್ಲ.

ಆಫೀಸಿನಲ್ಲಿ ಒಬ್ಬ ಹೇಳುತ್ತಾನೆ, "ಎಲ್ಲಾ ಹಿಂಕ್ಲಿ ಪಾಯಿಂಟ್ ಮಹಿಮೆ. ಸೋಮರ್ಸೆಟ್‌ನಲ್ಲಿ ಫ್ರೆಂಚರನ್ನೂ ಚೀನಾದವರನ್ನೂ ಕರೆದು ಅಣುವಿದ್ಯುತ್ ಸ್ಥಾವರ ಕಟ್ಟಿಸುತ್ತಿದ್ದಾರೆ, ಅವರ ಲಾಭ ನಮ್ಮ ಬಿಲ್ಲಿನಿಂದ ಹೋಗುತ್ತಿದೆ" ಅಂತ. ಇದು ನಿಜವಾ? ಹೊರದೇಶದ ದುಡ್ಡಿನಲ್ಲಿ ಸ್ಥಾವರ ಕಟ್ಟಿದರೆ ಮನೆ ಬಿಲ್ ಏರುತ್ತದಾ, ಇಳಿಯುತ್ತದಾ? ಇಂಡಿಯಾದಲ್ಲೂ ಈಗ ಅಣುವಿದ್ಯುತ್ತನ್ನು ಖಾಸಗಿಯವರಿಗೆ ತೆರೆದಿದ್ದಾರೆ. ಅದಕ್ಕೂ ಸೇರಿಸಿ ಕೇಳುತ್ತಿದ್ದೇನೆ, ಗೊತ್ತಿರುವವರು ಹೇಳಿ.

ಸ್ವೆಟರ್ ಸೀನ
ಬಿಲ್ ನೋಡಿ ಬೆವರು ಬಂತಾ? ಹಾಗಾದರೆ ಹೀಟಿಂಗ್ ಆಫ್ ಮಾಡಬಹುದು.

ರೀಡಿಂಗ್ ರಾಯರು
ಬಸವ ಅವರೇ, ನಿಮ್ಮ ಆಫೀಸಿನವರು ಹೇಳಿದ್ದು ಸದ್ಯಕ್ಕಂತೂ ತಪ್ಪು. ಅಲ್ಲಿ ಕಟ್ಟುತ್ತಿರುವ ಹೊಸ ಸ್ಥಾವರ ಹಿಂಕ್ಲಿ ಪಾಯಿಂಟ್ ಸಿ ಇನ್ನೂ ಒಂದು ಯೂನಿಟ್ ಕರೆಂಟನ್ನೂ ಕೊಟ್ಟಿಲ್ಲ. ಕೊಡುವ ತನಕ ನಮ್ಮ ಬಿಲ್ಲಿನಿಂದ ಅದಕ್ಕೆ ಒಂದು ಪೆನ್ನಿಯೂ ಹೋಗುವುದಿಲ್ಲ. ಒಪ್ಪಂದ ಇರುವುದೇ ಹಾಗೆ. ಒಂದು ಮೆಗಾವ್ಯಾಟ್ ಗಂಟೆಗೆ 92.50 ಪೌಂಡ್, 2012ರ ಬೆಲೆಯಲ್ಲಿ, ಸ್ಥಾವರ ಶುರುವಾದ ಮೇಲೆ 35 ವರ್ಷ. ಮಾರುಕಟ್ಟೆ ದರ ಇದಕ್ಕಿಂತ ಕಡಿಮೆ ಇದ್ದರೆ ವ್ಯತ್ಯಾಸವನ್ನು ನಾವು ತುಂಬಬೇಕು. ಜಾಸ್ತಿ ಇದ್ದರೆ ಅವರು ವಾಪಸ್ ಕೊಡಬೇಕು.

ಹಾಗಾದರೆ ಬಿಲ್ ಏರಿದ್ದು ಯಾಕೆ? ಗ್ಯಾಸ್ ಸ್ವಾಮೀ, ಗ್ಯಾಸ್. ನಿಮ್ಮ ಬಾಯ್ಲರ್ ಗ್ಯಾಸಿನದ್ದು. ಕರೆಂಟಿನ ದರವೂ ಹೆಚ್ಚಿನ ಹೊತ್ತು ಗ್ಯಾಸಿನ ಹಿಂದೆಯೇ ಹೋಗುತ್ತದೆ. ಇಲ್ಲಿನ ಸಗಟು ಮಾರುಕಟ್ಟೆಯಲ್ಲಿ ಆ ಅರ್ಧ ಗಂಟೆಗೆ ಬೇಕಾದ ಕೊನೆಯ ಸ್ಥಾವರ ಯಾವ ದರ ಕೇಳುತ್ತದೋ ಅದೇ ಎಲ್ಲರ ದರ. ಆ ಕೊನೆಯ ಸ್ಥಾವರ ಸಾಮಾನ್ಯವಾಗಿ ಗ್ಯಾಸಿನದ್ದೇ.

ಇಲ್ಲಿನ ಇಂಧನ ನಿಯಂತ್ರಕ ಆಫ್‌ಜೆಮ್ ಹಾಕುವ ದರಮಿತಿ, ಅಂದರೆ ಪ್ರೈಸ್ ಕ್ಯಾಪ್ ನೋಡಿ. ಜನವರಿ 2019ರಲ್ಲಿ ಸಾಮಾನ್ಯ ಮನೆಗೆ ವರ್ಷಕ್ಕೆ 1,137 ಪೌಂಡ್. ಅಕ್ಟೋಬರ್ 2021ರಲ್ಲಿ 1,277. ಏಪ್ರಿಲ್ 2022ರಲ್ಲಿ 1,971. ಜನವರಿ 2023ರಲ್ಲಿ 4,279ಕ್ಕೆ ಹೋಗಿತ್ತು, ಸರ್ಕಾರ ಮಧ್ಯೆ ಬಂದು 2,500ಕ್ಕೆ ತಡೆದು ಹಿಡಿಯಿತು. ಜನವರಿ 2026ರಲ್ಲಿ 1,758. ಈ ಏರಿಳಿತದಲ್ಲಿ ಹಿಂಕ್ಲಿ ಸಿ ಪಾಲು ಸೊನ್ನೆ. ಪುಟಿನ್ ಪಾಲು ದೊಡ್ಡದು.

ಟೂಟಿಂಗ್ ತಿಪ್ಪೇಶಿ
ರಾಯರೇ, ಇವತ್ತು ಸೊನ್ನೆ ಅಂತ ಹೇಳಿ ನಾಳೆಯದ್ದನ್ನು ಮುಚ್ಚಿಡಬೇಡಿ. 92.50 ಅನ್ನುವುದು 2012ರ ಬೆಲೆ. ಪ್ರತಿ ವರ್ಷ ಹಣದುಬ್ಬರ ಸೇರಿಸಿ ಅದು ಏರುತ್ತಾ ಹೋಗುತ್ತದೆ. ಈಗಾಗಲೇ 125 ದಾಟಿದೆ. ಶುರುವಾಗುವ ಹೊತ್ತಿಗೆ ಎಷ್ಟಾಗಿರುತ್ತದೋ.

2017ರಲ್ಲಿ ಇಲ್ಲಿನ ನ್ಯಾಷನಲ್ ಆಡಿಟ್ ಆಫೀಸ್ ಏನು ಹೇಳಿತು ಗೊತ್ತಾ? ಈ ಒಪ್ಪಂದ ಗ್ರಾಹಕರನ್ನು ದುಬಾರಿ, ಅಪಾಯದ ಯೋಜನೆಗೆ ಕಟ್ಟಿಹಾಕಿದೆ ಅಂತ. ಗ್ರಾಹಕರು ತುಂಬಬೇಕಾದ ವ್ಯತ್ಯಾಸದ ಮೊತ್ತ 2013ರ ಲೆಕ್ಕದಲ್ಲಿ 600 ಕೋಟಿ ಪೌಂಡ್ ಇದ್ದದ್ದು 2016ರ ಹೊತ್ತಿಗೆ 3,000 ಕೋಟಿ ಆಗಿತ್ತು. ಇದು ನಾನು ಹೇಳಿದ್ದಲ್ಲ, ಅವರದ್ದೇ ಆಡಿಟ್.

ರೀಡಿಂಗ್ ರಾಯರು
ಆ ಲೆಕ್ಕ ಗ್ಯಾಸ್ ಅಗ್ಗವಾಗಿದ್ದ ಕಾಲದ್ದು ಸ್ವಾಮಿ. ಮಾರುಕಟ್ಟೆ ದರ ಬಿದ್ದರೆ ವ್ಯತ್ಯಾಸ ದೊಡ್ಡದಾಗುತ್ತದೆ, ಏರಿದರೆ ಚಿಕ್ಕದಾಗುತ್ತದೆ. 2022ರಲ್ಲಿ ಹಿಂಕ್ಲಿ ಓಡುತ್ತಿದ್ದರೆ ಅವರೇ ನಮಗೆ ದುಡ್ಡು ವಾಪಸ್ ಕೊಡುತ್ತಿದ್ದರು.

ಟೂಟಿಂಗ್ ತಿಪ್ಪೇಶಿ
ಓಡುತ್ತಿದ್ದರೆ! ಅದೇ ಪ್ರಶ್ನೆ ತಾನೇ. 2017ರ ಕ್ರಿಸ್‌ಮಸ್‌ಗೆ ಹಿಂಕ್ಲಿ ಕರೆಂಟಿನಲ್ಲಿ ಟರ್ಕಿ ಬೇಯಿಸುತ್ತೀರಿ ಅಂತ ಅದನ್ನು ಕಟ್ಟುತ್ತಿರುವ ಫ್ರೆಂಚ್ ಕಂಪನಿ ಇಡಿಎಫ್‌ನ ಇಲ್ಲಿನ ಮುಖ್ಯಸ್ಥರೇ ಹೇಳಿದ್ದರು. ಎಷ್ಟು ಕ್ರಿಸ್‌ಮಸ್ ಕಳೆದವು?

ಲೀಡ್ಸ್ ಲೀಲಕ್ಕ
ನೀವಿಬ್ಬರೂ ಮೆಗಾವ್ಯಾಟ್ ಲೆಕ್ಕದಲ್ಲೇ ಇದ್ದೀರಿ. ಮನೆ ನಡೆಸುವವರ ಲೆಕ್ಕ ಬೇರೆ. ಬಸವ, ನಿನ್ನ ಬಿಲ್ಲಿನಲ್ಲಿ ಸ್ಟ್ಯಾಂಡಿಂಗ್ ಚಾರ್ಜ್ ಅಂತ ಒಂದು ಸಾಲು ಇದೆ, ನೋಡಪ್ಪ. ಸ್ವಿಚ್ ಹಾಕಿದರೂ ಹಾಕದಿದ್ದರೂ ಬೀಳುವ ದುಡ್ಡು ಅದು. 2025ರ ಅಕ್ಟೋಬರ್‌ನ ಕ್ಯಾಪ್‌ನಲ್ಲಿ ಕರೆಂಟಿಗೆ ದಿನಕ್ಕೆ ಸುಮಾರು 54 ಪೆನ್ಸ್, ಗ್ಯಾಸಿಗೆ 34 ಪೆನ್ಸ್. ವರ್ಷಕ್ಕೆ 300 ಪೌಂಡ್ ಮೇಲೆ ಹೋಯಿತು, ಒಂದು ದೀಪ ಹಚ್ಚದೆ.

ಅದರಲ್ಲಿ ಏನೆಲ್ಲಾ ತುರುಕಿದ್ದಾರೆ ಅಂತ ಯಾರೂ ಕೇಳುವುದಿಲ್ಲ. 2021-22ರಲ್ಲಿ ಸಾಲಾಗಿ ಸಣ್ಣ ಕಂಪನಿಗಳು ಮುಳುಗಿದವು ನೆನಪಿದೆಯಾ? ಅವರ ಗ್ರಾಹಕರನ್ನು ಬೇರೆ ಕಂಪನಿಗೆ ವರ್ಗ ಮಾಡಿದ ಖರ್ಚನ್ನು ಎಲ್ಲರ ಸ್ಟ್ಯಾಂಡಿಂಗ್ ಚಾರ್ಜಿಗೆ ಹಾಕಿದರು. ಒಂದೊಂದು ಮನೆಗೆ 90 ಪೌಂಡ್ ಮೇಲೆ. ಮುಳುಗಿದವನು ಅವನು, ತೆತ್ತವರು ನಾವು. ಇದಕ್ಕೆ ಚೀನಾ ಬೇಕಿರಲಿಲ್ಲ.

ಬ್ರಿಸ್ಟಲ್ ಬಸವ
ಲೀಲಕ್ಕ, ನೋಡಿದೆ. ಈ ಸಾಲನ್ನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ಇನ್ನೊಂದು ವಿಷಯ, ನನ್ನ ಕಂಪನಿಯವರು ಎರಡು ತಿಂಗಳು ಅಂದಾಜು ರೀಡಿಂಗ್ ಹಾಕಿದ್ದಾರೆ. ಸ್ಮಾರ್ಟ್ ಮೀಟರ್ ಇದ್ದೂ!

ಲೀಡ್ಸ್ ಲೀಲಕ್ಕ
ಮೊದಲು ಮೀಟರ್ ಫೋಟೋ ತೆಗೆದು ಕಳಿಸು, ಆಮೇಲೆ ಅಣುಶಕ್ತಿ.

ಹುಬ್ಬಳ್ಳಿ ಮಂದಿ
ಅಲ್ರೀ, ನನ್ನ ಪ್ರಶ್ನೆ ಸರಳ. ದೊಡ್ಡ ಪ್ರಮಾಣದಲ್ಲಿ ಕರೆಂಟ್ ಕೊಡುವ ಅಣುಸ್ಥಾವರವನ್ನು ಮೊದಲು ಶುರು ಮಾಡಿದ ದೇಶ ಇದು. ಕಾಲ್ಡರ್ ಹಾಲ್, 1956, ರಾಣಿ ಬಂದು ಉದ್ಘಾಟನೆ ಮಾಡಿದ್ದರು. ಅಂಥವರಿಗೆ ಈಗ ಫ್ರಾನ್ಸ್ ಯಾಕೆ ಬೇಕು, ಚೀನಾ ಯಾಕೆ ಬೇಕು?

ಟೂಟಿಂಗ್ ತಿಪ್ಪೇಶಿ
ಮಾರಿಕೊಂಡರು, ಅದಕ್ಕೆ. ಅಣುಸ್ಥಾವರ ನಡೆಸುವ ಬ್ರಿಟಿಷ್ ಎನರ್ಜಿ ಅಂತ ಒಂದು ಕಂಪನಿ ಇತ್ತು. 2009ರಲ್ಲಿ 1,250 ಕೋಟಿ ಪೌಂಡಿಗೆ ಇಡಿಎಫ್‌ಗೆ ಕೊಟ್ಟರು. ಸಫೋಕ್‌ನ ಸೈಜ್‌ವೆಲ್ ಬಿ ಸ್ಥಾವರ ಶುರುವಾಗಿದ್ದು 1995ರಲ್ಲಿ, ಅದಾದ ಮೇಲೆ ಈ ದೇಶದಲ್ಲಿ ಒಂದು ಹೊಸ ಅಣುಸ್ಥಾವರವೂ ಶುರುವಾಗಿಲ್ಲ. ಕಟ್ಟುವ ಕೈಗಳೇ ಮರೆತು ಹೋದವು.

ತಮಾಷೆ ನೋಡಿ. ಸ್ಥಾವರಗಳನ್ನು ಸರ್ಕಾರ ನಡೆಸಬಾರದು, ಖಾಸಗಿಯೇ ಒಳ್ಳೆಯದು ಅಂತ ಮಾರಿದರು. ಕೊಂಡಿದ್ದು ಯಾರು? ಫ್ರಾನ್ಸ್ ಸರ್ಕಾರದ ಕಂಪನಿ. ಆಮೇಲೆ ಸೇರಿಕೊಂಡಿದ್ದು ಚೀನಾ ಸರ್ಕಾರದ ಕಂಪನಿ. ತಮ್ಮ ಸರ್ಕಾರ ಒಂದನ್ನು ಬಿಟ್ಟು ಉಳಿದ ಎಲ್ಲಾ ಸರ್ಕಾರಗಳೂ ಆಗಬಹುದು ಇವರಿಗೆ.

ಲ್ಯಾಂಕಾಸ್ಟರ್ ಭಟ್ರು
ಹಿಂಕ್ಲಿ ಬಿಡಿ, ನಮ್ಮ ಪಕ್ಕದ ಹೇಶಮ್ ಅಣುಸ್ಥಾವರದ ಬಗ್ಗೆ ಒಂದು ಮಾತು. ಅಲ್ಲಿನ ಒಂದು ರಿಯಾಕ್ಟರ್ 940 ದಿನ ನಿಲ್ಲದೆ ಓಡಿ 2016ರಲ್ಲಿ ವಿಶ್ವ ದಾಖಲೆ ಮಾಡಿತ್ತು. ಅದನ್ನು ಮುರಿದವರು ಯಾರು? ನಮ್ಮ ಕೈಗಾ! ಮೊದಲನೇ ಘಟಕ, 962 ದಿನ, 2018ರ ಡಿಸೆಂಬರ್ 31ರಂದು ನಿಲ್ಲಿಸುವ ತನಕ. ಕಾರವಾರದ ಕಾಡಿನೊಳಗೆ, 220 ಮೆಗಾವ್ಯಾಟಿನ ಚಿಕ್ಕ ಘಟಕ, ಪೂರ್ತಿ ನಮ್ಮವರದ್ದೇ ವಿನ್ಯಾಸ. ಇಲ್ಲಿ ಪಬ್‌ನಲ್ಲಿ ಹೇಶಮ್‌ನಲ್ಲಿ ಕೆಲಸ ಮಾಡುವ ಒಬ್ಬರಿಗೆ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು ಮಾರಾಯ್ರೆ, ಹೊಟ್ಟೆಕಿಚ್ಚೂ ಇತ್ತು.

ಹುಬ್ಬಳ್ಳಿ ಮಂದಿ
ಭಟ್ರೇ, 1994ರಲ್ಲಿ ಕಟ್ಟುವಾಗಲೇ ಇದೇ ಕೈಗಾದ ಗುಮ್ಮಟ ಕಳಚಿ ಬಿದ್ದಿದ್ದನ್ನೂ ಹೇಳಿ ಪಬ್‌ನಲ್ಲಿ.

ಲ್ಯಾಂಕಾಸ್ಟರ್ ಭಟ್ರು
ಅದನ್ನು ಯಾಕೆ ಹೇಳಬೇಕು? ಅವರು ಕೇಳಲಿಲ್ಲ.

ಬ್ರಿಜ್‌ವಾಟರ್ ಹುಡುಗ
ನಾನು ಹಿಂಕ್ಲಿಗೆ ಕೆಲಸ ಮಾಡುವ ಒಂದು ಗುತ್ತಿಗೆ ಕಂಪನಿಯಲ್ಲಿ ಪ್ಲಾನಿಂಗ್‌ನಲ್ಲಿ ಇದ್ದೆ, ಈಗ ಬಿಟ್ಟಿದ್ದೇನೆ. ಎಲ್ಲರಿಗೂ ಗೊತ್ತಿರುವುದನ್ನಷ್ಟೇ ಹೇಳುತ್ತೇನೆ.

ತಡ ಯಾಕೆ ಅಂದರೆ ಒಂದೇ ಕಾರಣ ಇಲ್ಲ. ಇಪಿಆರ್ ಅನ್ನುವ ಈ ರಿಯಾಕ್ಟರ್ ಫ್ರಾನ್ಸಿನಲ್ಲೇ ಅವರಿಗೆ ಕೈಕೊಟ್ಟಿದೆ. ಫ್ಲಾಮನ್‌ವಿಲ್‌ನಲ್ಲಿ 2007ರಲ್ಲಿ ಕೆಲಸ ಶುರು, 2012ಕ್ಕೆ ಮುಗಿಯಬೇಕಿತ್ತು, ಗ್ರಿಡ್‌ಗೆ ಸೇರಿದ್ದು 2024ರ ಡಿಸೆಂಬರ್‌ನಲ್ಲಿ. 330 ಕೋಟಿ ಯೂರೋ ಅಂದಾಜು 1,320 ಕೋಟಿಗೆ ಹೋಯಿತು. ಹಿಂಕ್ಲಿಗೆ ಅದೇ ವಿನ್ಯಾಸ ತಂದರು, ಆದರೆ ಇಲ್ಲಿನ ನಿಯಮಕ್ಕೆ ತಕ್ಕಂತೆ 7,000 ಬದಲಾವಣೆ ಮಾಡಬೇಕಾಯಿತು ಅಂತ ಇಡಿಎಫ್ ಹೇಳಿತು. ಉಕ್ಕು 35 ಶೇಕಡಾ ಜಾಸ್ತಿ, ಕಾಂಕ್ರೀಟು 25 ಶೇಕಡಾ ಜಾಸ್ತಿ. ಕೋವಿಡ್, ಬ್ರೆಕ್ಸಿಟ್, ಕೆಲಸಗಾರರ ಕೊರತೆ ಇವೆಲ್ಲ ಮೇಲಿನಿಂದ. 2015ರ ಬೆಲೆಯಲ್ಲಿ 1,800 ಕೋಟಿ ಪೌಂಡ್ ಅಂತ ಶುರುವಾಗಿದ್ದು 2024ರ ಜನವರಿಯಲ್ಲಿ 3,100ರಿಂದ 3,500 ಕೋಟಿ ಅಂದರು. ಅದೂ 2015ರ ಬೆಲೆಯಲ್ಲೇ. ಇವತ್ತಿನ ದುಡ್ಡಿನಲ್ಲಿ ಇನ್ನೂ ಎಷ್ಟೋ ಜಾಸ್ತಿ. ಮೊದಲ ಘಟಕ 2025ಕ್ಕೆ ಬದಲು 2029ರಿಂದ 2031ರ ಒಳಗೆ ಅಂದರು.

ಆದರೆ ಜಾಗ ಒಮ್ಮೆ ನೋಡಬೇಕು. ಬಿಗ್ ಕಾರ್ಲ್ ಅಂತ ಒಂದು ಕ್ರೇನ್, ಮೊದಲ ರಿಯಾಕ್ಟರ್‌ನ 245 ಟನ್ ಗುಮ್ಮಟವನ್ನು ಎತ್ತಿ ಕೂರಿಸಿತು, 2023ರ ಡಿಸೆಂಬರ್‌ನಲ್ಲಿ. ಎಲ್ಲರೂ ಕೆಲಸ ನಿಲ್ಲಿಸಿ ಮೇಲೆ ನೋಡುತ್ತಿದ್ದರು.

ಈಗ ಮುಖ್ಯ ವಿಷಯ. ಈ ಹೆಚ್ಚಾದ ಖರ್ಚು ಯಾರ ತಲೆ ಮೇಲೆ? ನಿಮ್ಮ ಬಿಲ್ ಮೇಲೆ ಅಲ್ಲ. ದರ 92.50ಕ್ಕೆ ಬಿಗಿಯಾಗಿದೆ. ಕಟ್ಟಡದ ಖರ್ಚು ಎಷ್ಟೇ ಏರಿದರೂ ಇಡಿಎಫ್ ಮತ್ತು ಅದರ ಪಾಲುದಾರರೇ ಹೊರಬೇಕು. 2016ರಲ್ಲಿ ಇದೇ ಭಯಕ್ಕೆ ಇಡಿಎಫ್‌ನ ಹಣಕಾಸು ಮುಖ್ಯಸ್ಥರು ರಾಜೀನಾಮೆ ಕೊಟ್ಟು ಹೋದರು.

ಸ್ವೆಟರ್ ಸೀನ
ಅಂದರೆ ಸೋಮರ್ಸೆಟ್‌ನ ಕಾಂಕ್ರೀಟಿಗೆ ಪ್ಯಾರಿಸ್‌ನವರು ದುಡ್ಡು ಕೊಡುತ್ತಿದ್ದಾರೆ. ವೀವ್ ಲಾ ಫ್ರಾನ್ಸ್!

ರೀಡಿಂಗ್ ರಾಯರು
ಸೀನ ತಮಾಷೆ ಮಾಡಿದರೂ ಹೇಳಿದ್ದು ನಿಜ. 2023ರಲ್ಲಿ ಫ್ರಾನ್ಸ್ ಸರ್ಕಾರ ಇಡಿಎಫ್ ಅನ್ನು ಪೂರ್ತಿ ತನ್ನ ಕೈಗೆ ತೆಗೆದುಕೊಂಡಿತು. ಹಾಗಾಗಿ ಹಿಂಕ್ಲಿ ನಷ್ಟ ಅಂದರೆ ಕೊನೆಗೆ ಫ್ರೆಂಚ್ ತೆರಿಗೆದಾರರ ನಷ್ಟ. ಇದಕ್ಕೇ ನಾನು ಹೇಳುವುದು, ಹೊರದೇಶದ ದುಡ್ಡು ಅಂದ ತಕ್ಷಣ ಬೈಯಬೇಡಿ. ಈ ಒಂದು ಕೇಸಿನಲ್ಲಿ ಅವರಿಗೇ ಪೆಟ್ಟು ಬಿದ್ದಿದೆ.

ಟೂಟಿಂಗ್ ತಿಪ್ಪೇಶಿ
ರಾಯರೇ, ಅದೇ ಇಡಿಎಫ್ ಫ್ರಾನ್ಸಿನಲ್ಲಿ 2022ರಲ್ಲಿ ಮನೆಗಳ ಕರೆಂಟ್ ದರ ಏರಿಸಿದ್ದು 4 ಶೇಕಡಾ. ಇಲ್ಲಿ ಏಪ್ರಿಲ್ 2022ರಲ್ಲಿ ಕ್ಯಾಪ್ ಏರಿದ್ದು 54 ಶೇಕಡಾ. ಒಂದೇ ಕಂಪನಿ, ಎರಡು ದೇಶ. ಅಲ್ಲಿ ಮಾಲೀಕ ಸರ್ಕಾರ ಹೇಳಿತು, ಅವರು ಕೇಳಿದರು. ಇಲ್ಲಿ ಹೇಳುವವರು ಯಾರು?

ರೀಡಿಂಗ್ ರಾಯರು
ಆ 4 ಶೇಕಡಾ ಪುಕ್ಕಟೆ ಬಂತಾ? ಇಡಿಎಫ್ 2022ರಲ್ಲಿ 1,790 ಕೋಟಿ ಯೂರೋ ನಷ್ಟ ಮಾಡಿತು. ಪೈಪುಗಳಲ್ಲಿ ಬಿರುಕು, ರಿಪೇರಿ ಅಂತ ಒಂದು ಹಂತದಲ್ಲಿ ಅರ್ಧಕ್ಕರ್ಧ ರಿಯಾಕ್ಟರ್ ನಿಂತಿದ್ದವು, ಜೊತೆಗೆ ಅಗ್ಗದ ದರಕ್ಕೆ ಮಾರಬೇಕಿತ್ತು. ಆ ವರ್ಷ ಬ್ರಿಟನ್ನೇ ಫ್ರಾನ್ಸಿಗೆ ಕರೆಂಟ್ ಕಳಿಸಿದೆ. ಬಿಲ್ಲಿನಲ್ಲಿ ಕಾಣದ್ದನ್ನು ತೆರಿಗೆಯಲ್ಲಿ ಕಟ್ಟುತ್ತಾರೆ, ಅಷ್ಟೇ.

ಟೂಟಿಂಗ್ ತಿಪ್ಪೇಶಿ
ತೆರಿಗೆಯಲ್ಲಾದರೆ ಶ್ರೀಮಂತ ಜಾಸ್ತಿ ಕಟ್ಟುತ್ತಾನೆ. ಸ್ಟ್ಯಾಂಡಿಂಗ್ ಚಾರ್ಜಿನಲ್ಲಿ ಲೀಲಕ್ಕನೂ ಲಾರ್ಡ್ ಸಾಹೇಬನೂ ಒಂದೇ. "ಅಷ್ಟೇ" ಅಂತ ಹೇಳಿ ಮುಗಿಸುವ ವ್ಯತ್ಯಾಸ ಅಲ್ಲ ಇದು.

ಲೀಡ್ಸ್ ಲೀಲಕ್ಕ
ತಿಪ್ಪೇಶಿ ಹೇಳಿದ್ದಕ್ಕೆ ನನ್ನ ಓಟು. ನಮ್ಮ ಬೀದಿಯಲ್ಲಿ ಪ್ರೀಪೇಮೆಂಟ್ ಮೀಟರ್ ಇರುವ ಒಬ್ಬ ಅಜ್ಜಿ ಇದ್ದಾರೆ. ಬೇಸಿಗೆಯಲ್ಲಿ ಗ್ಯಾಸ್ ಮುಟ್ಟುವುದೇ ಇಲ್ಲ. ಆದರೂ ದಿನದಿನದ ಚಾರ್ಜ್ ಸೇರಿಕೊಂಡು, ಚಳಿಗಾಲಕ್ಕೆ ಮೊದಲ ಸಲ ಟಾಪ್ ಅಪ್ ಮಾಡಿದಾಗ ಅರ್ಧ ದುಡ್ಡು ಹಳೆ ಬಾಕಿಗೇ ಹೋಗುತ್ತದೆ.

ಮಿಲ್ಟನ್ ಕೀನ್ಸ್ ಮೈಸೂರು
ಚೀನಾ ವಿಷಯ ಅರ್ಧಕ್ಕೇ ಬಿಟ್ಟಿರಿ. 2015ರ ಅಕ್ಟೋಬರ್‌ನಲ್ಲಿ ಷಿ ಜಿನ್‌ಪಿಂಗ್ ಲಂಡನ್ನಿಗೆ ಬಂದಾಗ ಚೀನಾ ಸರ್ಕಾರದ ಅಣುವಿದ್ಯುತ್ ಕಂಪನಿ ಸಿಜಿಎನ್ ಹಿಂಕ್ಲಿಯಲ್ಲಿ 33.5 ಶೇಕಡಾ ಪಾಲಿಗೆ ಒಪ್ಪಿತು. ಸುಮ್ನೆ ಅಲ್ಲ, ಬದಲಿಗೆ ಎಸೆಕ್ಸ್‌ನ ಬ್ರಾಡ್‌ವೆಲ್‌ನಲ್ಲಿ ತಮ್ಮದೇ ರಿಯಾಕ್ಟರ್ ಕಟ್ಟಲು ಬಾಗಿಲು ಬೇಕಿತ್ತು ಅವರಿಗೆ. 2016ರಲ್ಲಿ ತೆರೆಸಾ ಮೇ ಪ್ರಧಾನಿಯಾಗಿ ಬಂದು ಸಹಿ ಹಾಕುವ ಮುಂಚೆ ತಡೆದರು, ಆಮೇಲೆ ಸೆಪ್ಟೆಂಬರ್‌ನಲ್ಲಿ ಹಾಕಿದರು. 2022ರಲ್ಲಿ ಸೈಜ್‌ವೆಲ್‌ನ ಹೊಸ ಸ್ಥಾವರದ ಯೋಜನೆ ಸೈಜ್‌ವೆಲ್ ಸಿಯಿಂದ ಸಿಜಿಎನ್‌ಗೆ ದುಡ್ಡು ಕೊಟ್ಟು ಹೊರಗೆ ಕಳಿಸಿದರು. ಬ್ರಾಡ್‌ವೆಲ್ ನಿಂತಲ್ಲೇ ನಿಂತಿದೆ. ಆಮೇಲೆ ಸಿಜಿಎನ್‌ನವರೂ ಹಿಂಕ್ಲಿಗೆ ಒಪ್ಪಿದ್ದಷ್ಟು ಕೊಟ್ಟು, ಹೆಚ್ಚಾದ ಖರ್ಚಿಗೆ ದುಡ್ಡು ಹಾಕುವುದನ್ನು ನಿಲ್ಲಿಸಿದರು. ಯಾಕೆ ಹಾಕುತ್ತಾರೆ ಹೇಳಿ?

ಜಪಾನಿನವರೂ ಹಾಗೇ. ತೋಷಿಬಾ 2018ರಲ್ಲಿ ಮೂರ್‌ಸೈಡ್ ಅಣುಸ್ಥಾವರದ ಯೋಜನೆ ಬಿಟ್ಟಿತು, ಹಿಟಾಚಿ 2020ರಲ್ಲಿ ವಿಲ್ಫಾ ಯೋಜನೆ ಬಿಟ್ಟಿತು. ಹೊರದೇಶದ ದುಡ್ಡಿನ ಗುಣವೇ ಇದು. ಲೆಕ್ಕ ಸರಿಹೋಗಲಿಲ್ಲ ಅಂದರೆ ಎದ್ದು ಹೋಗುತ್ತದೆ. ಆಗ ಉಳಿಯುವುದು ಖಾಲಿ ಜಾಗ, ಹತ್ತು ವರ್ಷ ನಷ್ಟ, ಮತ್ತೆ ಗ್ಯಾಸ್.

ಬ್ರಿಸ್ಟಲ್ ಬಸವ
ಹಾಗಾದರೆ ಸೈಜ್‌ವೆಲ್ ಸಿ ಯಾರದ್ದು ಈಗ?

ಬ್ರಿಜ್‌ವಾಟರ್ ಹುಡುಗ
2025ರ ಜುಲೈಯಲ್ಲಿ ಕೊನೆಯ ತೀರ್ಮಾನ ಆಯಿತು. ಬ್ರಿಟಿಷ್ ಸರ್ಕಾರ 44.9 ಶೇಕಡಾ. ಕೆನಡಾದ ಕ್ವಿಬೆಕ್‌ನ ಪಿಂಚಣಿ ನಿಧಿ 20. ಬ್ರಿಟಿಷ್ ಗ್ಯಾಸ್‌ನ ಮಾಲೀಕ ಕಂಪನಿ ಸೆಂಟ್ರಿಕಾ 15. ಇಡಿಎಫ್ 12.5. ಉಳಿದದ್ದು ಆಂಬರ್ ಅನ್ನುವ ಹೂಡಿಕೆ ಕಂಪನಿ. ಅಂದಾಜು ಖರ್ಚು 3,800 ಕೋಟಿ ಪೌಂಡ್, 2024ರ ಬೆಲೆಯಲ್ಲಿ.

ನಿಮ್ಮ ಆಫೀಸಿನವರು ಬೈಯಬೇಕಿದ್ದರೆ ಹಿಂಕ್ಲಿಯನ್ನಲ್ಲ, ಇದನ್ನು ಬೈಯಲಿ. ಇಲ್ಲಿ ಆರ್‌ಎಬಿ ಅನ್ನುವ ಬೇರೆ ಪದ್ಧತಿ. ಕಟ್ಟುತ್ತಿರುವಾಗಲೇ ನಮ್ಮ ಬಿಲ್ಲಿನಿಂದ ದುಡ್ಡು ಹೋಗುತ್ತದೆ. ಸಾಮಾನ್ಯ ಮನೆಗೆ ತಿಂಗಳಿಗೆ ಸುಮಾರು 1 ಪೌಂಡ್ ಅಂತ ಸರ್ಕಾರ ಹೇಳಿದೆ. 2026ರ ಜನವರಿಯ ಕ್ಯಾಪ್‌ನಲ್ಲಿ ಅದು ಸೇರಿದೆ.

ಹುಬ್ಬಳ್ಳಿ ಮಂದಿ
ಅಂದ್ರ ಫ್ಲಾಟ್ ಕಟ್ಟೋಕಿಂತ ಮೊದಲೇ ಬಾಡಿಗೆ ಕೊಡಬೇಕು. ಭಲೇ!

ರೀಡಿಂಗ್ ರಾಯರು
ಅದಕ್ಕೆ ಕಾರಣ ಇದೆ. ಅಣುಸ್ಥಾವರದಲ್ಲಿ ಯುರೇನಿಯಂ ದುಬಾರಿ ಅಲ್ಲ, ಬಡ್ಡಿ ದುಬಾರಿ. ಹತ್ತು-ಹದಿನೈದು ವರ್ಷ ಒಂದು ಪೈಸೆ ಆದಾಯ ಇಲ್ಲದೆ ಸಾಲ ಹೊರಬೇಕು. ಹಿಂಕ್ಲಿಯಲ್ಲಿ ಆ ಎಲ್ಲಾ ಅಪಾಯ ಇಡಿಎಫ್ ಮೇಲೆ ಹಾಕಿದ್ದಕ್ಕೆ ಅವರು ಸುಮಾರು 9 ಶೇಕಡಾ ಆದಾಯ ಲೆಕ್ಕ ಹಾಕಿ 92.50 ಕೇಳಿದರು. ಗ್ರಾಹಕರು ಮೊದಲೇ ಸ್ವಲ್ಪ ಸ್ವಲ್ಪ ಕೊಟ್ಟರೆ ಅಪಾಯ ಕಡಿಮೆ, ಬಡ್ಡಿ ಕಡಿಮೆ, ಕೊನೆಗೆ ಕರೆಂಟ್ ಅಗ್ಗ.

ಟೂಟಿಂಗ್ ತಿಪ್ಪೇಶಿ
ಹೇಳಿದ ದಿನ ಮುಗಿದರೆ ಅಗ್ಗ. ಹಿಂಕ್ಲಿ ತರಹ ಎಳೆದಾಡಿದರೆ? ಆ ಹೆಚ್ಚಿನ ಖರ್ಚಿನಲ್ಲಿ ನಮ್ಮ ಪಾಲೂ ಇರುತ್ತದೆ, ಪ್ಯಾರಿಸ್‌ಗೆ ಕಳಿಸಲು ಆಗುವುದಿಲ್ಲ. ಹಿಂಕ್ಲಿಯಲ್ಲಿ ದರ ಜಾಸ್ತಿ ಕೊಟ್ಟು ಅಪಾಯವನ್ನು ಅವರಿಗೆ ದಾಟಿಸಿದೆವು. ಸೈಜ್‌ವೆಲ್‌ನಲ್ಲಿ ದರ ಕಡಿಮೆ ಆಗಲಿ ಅಂತ ಅಪಾಯವನ್ನು ನಾವೇ ತೆಗೆದುಕೊಂಡೆವು. ಯಾವ ದೇಶದ ದುಡ್ಡು ಅನ್ನುವುದಕ್ಕಿಂತ ಒಪ್ಪಂದದ ಈ ಒಂದು ಸಾಲೇ ಮುಖ್ಯ ಬಸವಣ್ಣ.

ರೀಡಿಂಗ್ ರಾಯರು
ಇದನ್ನು ಒಪ್ಪಿದೆ. ದಿನಾಂಕ ಬರೆದಿಟ್ಟುಕೊಳ್ಳಿ.

ಜಯನಗರ 4ನೇ ಬ್ಲಾಕ್
ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ನಮ್ಮಲ್ಲೂ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಹೊಸ ಕಾನೂನು ಪಾಸ್ ಮಾಡಿತು. 1962ರ ಅಣುಶಕ್ತಿ ಕಾಯ್ದೆ, 2010ರ ಪರಿಹಾರ ಕಾಯ್ದೆ ಎರಡೂ ಹೋದವು, ಖಾಸಗಿಯವರಿಗೆ ದಾರಿ ತೆರೆಯಿತು. 2010ರ ಕಾಯ್ದೆಯಲ್ಲಿ, ಅಪಘಾತವಾದರೆ ರಿಯಾಕ್ಟರ್ ಕೊಟ್ಟ ಕಂಪನಿಯಿಂದಲೂ ದುಡ್ಡು ಕೇಳಬಹುದು ಅಂತ ಇತ್ತು. ಭೋಪಾಲ್ ನೋಡಿದ ದೇಶಕ್ಕೆ ಅದು ಬೇಕಿತ್ತು. ಅದೇ ಕಾರಣಕ್ಕೆ ಹೊರದೇಶದವರು ಹಿಂಜರಿದರು. ಮಹಾರಾಷ್ಟ್ರದ ಜೈತಾಪುರದಲ್ಲಿ ಇದೇ ಇಡಿಎಫ್, ಇದೇ ಇಪಿಆರ್, ಆರು ರಿಯಾಕ್ಟರ್, 9,900 ಮೆಗಾವ್ಯಾಟ್ ಅಂತ ಹದಿನೈದು ವರ್ಷದಿಂದ ಮಾತುಕತೆ ನಡೆಯುತ್ತಲೇ ಇದೆ. ದರ ಎಷ್ಟು ಅನ್ನುವುದೇ ಬಗೆಹರಿದಿಲ್ಲ. ಹಿಂಕ್ಲಿ ಬೆಲೆಯನ್ನು ರೂಪಾಯಿಗೆ ತಿರುಗಿಸಿ ನೋಡಿ, ಯೂನಿಟ್‌ಗೆ ಹನ್ನೆರಡು ರೂಪಾಯಿ ಮೇಲೆ ಹೋಗುತ್ತದೆ. ಆ ದರಕ್ಕೆ ಬೆಸ್ಕಾಂ ಕೊಳ್ಳುತ್ತದಾ?

ಮಿಲ್ಟನ್ ಕೀನ್ಸ್ ಮೈಸೂರು
ಬೆಸ್ಕಾಂ ಕೊಳ್ಳಬೇಕಾಗಿಲ್ಲ, ನಿಮಗೆ ಗೃಹಜ್ಯೋತಿಯಲ್ಲಿ 200 ಯೂನಿಟ್ ಪುಕ್ಕಟೆ ಇದೆಯಲ್ಲ.

ಜಯನಗರ 4ನೇ ಬ್ಲಾಕ್
ಪುಕ್ಕಟೆ ಯಾವುದೂ ಇಲ್ಲ ಸಾರ್, ಅದೂ ತೆರಿಗೆ ದುಡ್ಡೇ. ಹೋದ ವರ್ಷದ ಸರಾಸರಿ ಮೇಲೆ 10 ಶೇಕಡಾ ಸೇರಿಸಿ ಮಿತಿ ಹಾಕುತ್ತಾರೆ. ನಮ್ಮ ಮನೆಗೆ ಹೊಸ ಎಸಿ ಬಂದ ಮೇಲೆ ಆ ಮಿತಿ ಸಾಲುತ್ತಿಲ್ಲ.

ಲ್ಯಾಂಕಾಸ್ಟರ್ ಭಟ್ರು
ಕೈಗಾದಲ್ಲಿ 700 ಮೆಗಾವ್ಯಾಟಿನ ಎರಡು ಹೊಸ ಘಟಕ ಬರುತ್ತಿವೆ, ನಮ್ಮದೇ ವಿನ್ಯಾಸ. ಫ್ರಾನ್ಸ್ ಯಾಕೆ ಬೇಕು?

ಜಯನಗರ 4ನೇ ಬ್ಲಾಕ್
ಭಟ್ರೇ, ಮೊದಲು ಅಲ್ಲಿ ಊರು ಬಿಟ್ಟವರನ್ನು ಕೇಳಿ. ಕದ್ರಾ ಅಣೆಕಟ್ಟು, ನೌಕಾನೆಲೆ, ಕೈಗಾ, ಎಲ್ಲಕ್ಕೂ ಜಾಗ ಕೊಟ್ಟದ್ದು ಉತ್ತರ ಕನ್ನಡವೇ. ಕರೆಂಟ್ ಮಾತ್ರ ಬೇರೆ ಕಡೆ ಹೋಗುತ್ತದೆ.

ಹುಬ್ಬಳ್ಳಿ ಮಂದಿ
ಈ ಮಾತಿಗೆ ಬೇರೆ ಎಳೆ ಶುರು ಮಾಡ್ರಿ, ಇಲ್ಲಿ ಬಸವಣ್ಣನ ಬಿಲ್ ಕಳೆದುಹೋತು.

ಲೀಡ್ಸ್ ಲೀಲಕ್ಕ
ಕಳೆದುಹೋಗಿಲ್ಲ. ಬಸವ, ಇಷ್ಟು ಮಾಡು. ಬಾಯ್ಲರ್‌ನಲ್ಲಿ ರೇಡಿಯೇಟರ್‌ಗೆ ಹೋಗುವ ನೀರಿನ ಬಿಸಿ 70-75 ಇದ್ದರೆ 60ಕ್ಕೆ ಇಳಿಸು. ಕಾಂಬಿ ಬಾಯ್ಲರ್ ಆದರೆ ಮಾತ್ರ. ಬಿಸಿನೀರಿನ ಟ್ಯಾಂಕ್ ಇದ್ದರೆ ಮುಟ್ಟಬೇಡ. ಫಿಕ್ಸ್ ಟ್ಯಾರಿಫ್ ಯಾವುದಾದರೂ ಕ್ಯಾಪ್‌ಗಿಂತ ಕಡಿಮೆ ಸಿಗುತ್ತದಾ ನೋಡು, ಬಿಟ್ಟು ಹೋಗಲು ಎಷ್ಟು ದಂಡ ಅಂತಲೂ ಓದು. ಕ್ಯಾಪ್ ಅಂದರೆ ನಿನ್ನ ಬಿಲ್ಲಿಗೆ ಮಿತಿ ಅಲ್ಲ, ಯೂನಿಟ್ ದರಕ್ಕೆ ಮಿತಿ. ಜಾಸ್ತಿ ಉರಿಸಿದರೆ ಜಾಸ್ತಿ ಬರುತ್ತದೆ. ಅಪ್ಪ ಅಮ್ಮನಿಗೆ ಮಾತ್ರ ಚಳಿ ಮಾಡಬೇಡ.

ಬ್ರಿಸ್ಟಲ್ ಬಸವ
ಎಲ್ಲರಿಗೂ ಥ್ಯಾಂಕ್ಸ್. ಮೀಟರ್ ಫೋಟೋ ಕಳಿಸಿದೆ. ಅಂದಾಜು ರೀಡಿಂಗ್‌ನಲ್ಲಿ 41 ಪೌಂಡ್ ಜಾಸ್ತಿ ಹಾಕಿದ್ದರು, ವಾಪಸ್ ಕೊಡುತ್ತಾರಂತೆ. ಬಾಯ್ಲರ್ 60ಕ್ಕೆ ಇಳಿಸಿದೆ. ಅಪ್ಪ ಇನ್ನೂ ಏನೂ ಹೇಳಿಲ್ಲ. ಆಫೀಸಿನವನಿಗೆ ನಾಳೆ ಆರ್‌ಎಬಿ ಬಗ್ಗೆ ಹೇಳುತ್ತೇನೆ.

ಸ್ವೆಟರ್ ಸೀನ
ಹೇಳಬೇಡ ಗುರು. ಅವನು ಈಗ ಕೆನಡಾ ಮೇಲೆ ಶುರು ಮಾಡುತ್ತಾನೆ.